ನಿದ್ರಾಭಂಗವೂ ವ್ರತಭಂಗದ ಭಯವೂ

ಪ್ರೋಷಧೋಪವಾಸದ ವಿಧಿಯನ್ನು ಹೇಳುವಾಗ ಸಮಂತಭದ್ರಾಚಾರ್ಯರು, ಉಪವಾಸಿಯಾದವನು ಧರ್ಮಶ್ರವಣದಲ್ಲಿಯೂ ಜ್ಞಾನಧ್ಯಾನಗಳಲ್ಲಿಯೂ ತತ್ಪರನಾಗಿ, ತೂಕಡಿಕೆಗೆ ಎಡೆಗೊಡದೆ ಇರಬೇಕೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪದೇಶಿಸಿದ್ದಾರೆ. ಅಷ್ಟಮಿ ಚತುರ್ದಶಿಗಳಂದು ಈ ಉಪದೇಶವನ್ನು ಕೇಳುವ ಶ್ರಾವಕರಲ್ಲಿ ಬಹುಮಂದಿಗೆ ಕಷ್ಟವಾಗುವುದು ನಿದ್ರೆಯನ್ನು ತಡೆಯುವುದು. ಆದರೆ ಅದೇ ಬಸದಿಯಲ್ಲಿ, ಅದೇ ಚಾಪೆಯ ಮೇಲೆ, ತಡೆಯಲು ನಿದ್ರೆಯೇ ಇಲ್ಲದ ಕೆಲವರು ಕುಳಿತಿರುತ್ತಾರೆ. ರಾತ್ರಿ ಹತ್ತಕ್ಕೆ ಮಲಗಿ, ಹನ್ನೆರಡು, ಒಂದು, ಎರಡು ಎಂದು ಗಡಿಯಾರದ ಗಂಟೆಗಳನ್ನೆಣಿಸಿ, ಕೊನೆಗೆ ತಲೆದಿಂಬಿನ ಕೆಳಗಿನ ಗುಳಿಗೆಗೆ ಕೈ ಚಾಚುವವರು ಅವರು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಹತ್ತು ಜನರೆದುರಿಗೆ ನುಂಗುವವರೂ ಈ ಗುಳಿಗೆಯ ವಿಷಯವನ್ನು ಮನೆಯವರಿಂದಲೂ ಮುಚ್ಚಿಡುತ್ತಾರೆ.

ಅವರ ಸಂದೇಹಗಳು ಸಣ್ಣವಲ್ಲ. ರಾತ್ರಿಭೋಜನವನ್ನು ತ್ಯಜಿಸಿದವನು ಮಲಗುವಾಗ ನೀರಿನೊಡನೆ ಗುಳಿಗೆ ನುಂಗಿದರೆ ವ್ರತಕ್ಕೆ ಭಂಗವೆ? ಬುದ್ಧಿಯನ್ನು ಮಬ್ಬುಗೊಳಿಸುವ ಈ ಔಷಧ ಮದ್ಯಕ್ಕೆ ಸಮಾನವೆ? ಹದಿನೈದು ಪ್ರಮಾದಗಳಲ್ಲಿ ಒಂದೆಂದು ಎಣಿಸಲ್ಪಟ್ಟ ನಿದ್ರೆಯನ್ನು ಹಣ ಕೊಟ್ಟು ಕೊಳ್ಳುವುದು ಉಚಿತವೆ? ಕರ್ಮೋದಯವೆಂದು ಸಹಿಸಿಕೊಂಡಿರುವುದೇ ಲೇಸಲ್ಲವೆ? ಈ ಪ್ರಶ್ನೆಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದವನಿಗೆ ಬರುವ ನಿದ್ರೆಯೂ ಬಾರದು.

ನಿದ್ರೆಯ ಸ್ವರೂಪವನ್ನು ಜೈನ ಸಿದ್ಧಾಂತ ಬಹು ಸೂಕ್ಷ್ಮವಾಗಿ ವಿಚಾರ ಮಾಡಿದೆ. ದರ್ಶನಾವರಣೀಯ ಕರ್ಮದ 9 ಉತ್ತರಪ್ರಕೃತಿಗಳಲ್ಲಿ 5 ನಿದ್ರೆಗೇ ಸೇರಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಮದ, ಖೇದ, ಬಳಲಿಕೆಗಳನ್ನು ಕಳೆಯುವುದಕ್ಕಾಗಿ ಮಲಗುವುದೇ ನಿದ್ರೆ ಎಂಬ ಅರ್ಥವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿದ್ದಾರೆ. ಆತ್ಮನ ದರ್ಶನಗುಣಕ್ಕೆ ಮುಸುಕೂ ಹೌದು, ದಣಿದ ದೇಹಕ್ಕೆ ಪರಿಹಾರವೂ ಹೌದು. ಒಂದು ಮುಖವನ್ನೇ ಹಿಡಿದವನು ಸೋಮಾರಿಯಾಗುತ್ತಾನೆ. ಇನ್ನೊಂದನ್ನೇ ಹಿಡಿದವನು ತನ್ನ ದೇಹದ ಮೇಲೆ ಹಗೆ ಸಾಧಿಸುತ್ತಾನೆ. ನಿದ್ರಾ ಮತ್ತು ಪ್ರಚಲಾ ಈ ಎರಡರ ಉದಯ 12ನೆಯದಾದ ಕ್ಷೀಣಕಷಾಯ ಗುಣಸ್ಥಾನದ ಉಪಾಂತ್ಯ ಸಮಯದವರೆಗೂ ಇರುತ್ತದೆಂದು ಸಿದ್ಧಾಂತ ಹೇಳುತ್ತದೆ. ಮೋಹನೀಯವನ್ನು ನಿರ್ಮೂಲ ಮಾಡಿದ ಮಹಾಮುನಿಯನ್ನೂ ಕೊನೆಯವರೆಗೆ ಬಿಡದ ಪ್ರಕೃತಿ ಇದು. ಮುನಿಗಳ 28 ಮೂಲಗುಣಗಳಲ್ಲಿಯೂ ಕ್ಷಿತಿಶಯನವಿದೆಯೇ ಹೊರತು ಶಯನತ್ಯಾಗವಿಲ್ಲ. ಹೀಗಿರುವಾಗ ಹೊಲದಲ್ಲಿ, ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ ದುಡಿದ ಗೃಹಸ್ಥರು ನಿದ್ರೆಯನ್ನು ಬಯಸುವುದಕ್ಕೆ ನಾಚಬೇಕಾಗಿಲ್ಲ.

ಇನ್ನು ಹೊರಗಿನ ದ್ರವ್ಯದಿಂದ ನಿದ್ರೆ ತರಿಸಿಕೊಳ್ಳುವ ಮಾತು. ಇಲ್ಲಿ ಗೊಮ್ಮಟಸಾರದ ಕರ್ಮಕಾಂಡ ಒಂದು ಸ್ವಾರಸ್ಯದ ಸಂಗತಿಯನ್ನು ತಿಳಿಸುತ್ತದೆ. ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಈ ಗ್ರಂಥದಲ್ಲಿ ಯಾವ ಯಾವ ಕರ್ಮದ ಉದಯಕ್ಕೆ ಯಾವ ಯಾವ ಬಾಹ್ಯವಸ್ತು ಸಹಕಾರಿ ಎಂಬ ವಿಚಾರ ಬರುತ್ತದೆ. ಅಂತಹ ವಸ್ತುವಿಗೆ ನೋಕರ್ಮವೆಂದು ಹೆಸರು. ಐದು ನಿದ್ರೆಗಳಿಗೆ ಅಲ್ಲಿ ಹೇಳಿರುವ ನೋಕರ್ಮ ಎಮ್ಮೆಯ ಮೊಸರು ಮೊದಲಾದವು! ಮಧ್ಯಾಹ್ನ ಗಟ್ಟಿ ಮೊಸರನ್ನ ಉಂಡು ಜಗಲಿಯ ಕಂಬಕ್ಕೊರಗಿದ ಯಾವ ರೈತನೂ ಇದಕ್ಕೆ ಸಾಕ್ಷಿ ಹೇಳಬಲ್ಲನು. ಆಹಾರದ ಒಂದು ದ್ರವ್ಯ ನಿದ್ರೆಗೆ ನಿಮಿತ್ತವಾಗಬಲ್ಲದೆಂದು ಆಚಾರ್ಯರೇ ಒಪ್ಪಿರುವಾಗ, ಔಷಧವೆಂಬ ದ್ರವ್ಯ ನಿಮಿತ್ತವಾಯಿತೆಂದರೆ ಕರ್ಮಸಿದ್ಧಾಂತಕ್ಕೆ ಬಾಧೆಯಿಲ್ಲ. ಗುಳಿಗೆ ನುಂಗಿದವನು ಕರ್ಮವನ್ನು ವಂಚಿಸಿದನೆಂಬುದು ಅವಿಚಾರದ ಮಾತು. ನಿಮಿತ್ತ ಒಳ್ಳೆಯದೋ ಕೆಟ್ಟದೋ, ಎಷ್ಟು ಕಾಲ ಬೇಕು, ಅದರಿಂದ ಬೇರೇನು ಹಾನಿ ಎಂಬುದಷ್ಟೇ ವಿವೇಕಿಯ ವಿಚಾರಕ್ಕೆ ಉಳಿಯುವುದು.

ಸಹಿಸಿಕೊಂಡು ಎಚ್ಚರವಾಗಿರುವುದೇ ತಪಸ್ಸೆಂದು ಕೆಲವರು ಭಾವಿಸುವರು. ಅರ್ಹಂತರು ಕಳೆದುಕೊಂಡ 18 ದೋಷಗಳಲ್ಲಿ ನಿದ್ರೆಯೂ ಒಂದೆಂಬುದು ನಿಜ. ಆದರೆ ಅದೇ ಪಟ್ಟಿಯಲ್ಲಿ ಚಿಂತೆ, ಭಯ, ವಿಷಾದ, ಖೇದಗಳೂ ಇವೆ. ನಿದ್ರೆಯೊಂದು ತೊಲಗಿ ಉಳಿದವೆಲ್ಲ ಹಾಗೆಯೇ ಇರುವವನನ್ನು ಎಚ್ಚತ್ತವನೆಂದು ಕರೆಯುವುದು ಹೇಗೆ? ನಿದ್ರೆ ಬಾರದಿರುವುದೊಂದೇ ಗುಣವೆನಿಸಿದರೆ ಊರಿನ ಸಾಲಗಾರರೆಲ್ಲ ತಪಸ್ವಿಗಳೆನಿಸಬೇಕಾಗುತ್ತಿತ್ತು. ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಆರ್ತಧ್ಯಾನದ ನಾಲ್ಕು ಬಗೆಗಳನ್ನು ಸ್ಮರಿಸಿದರೆ ನಿದ್ರಾಹೀನನ ರಾತ್ರಿಯ ಚಿತ್ರವೇ ಅಲ್ಲಿ ಕಾಣುವುದು. ಅಗಲಿದ ಪ್ರಿಯರ ನೆನಪು ಇಷ್ಟವಿಯೋಗ. ಬೇಡದವರೊಡನೆ ಬಾಳಬೇಕಾದ ಸಂಕಟ ಅನಿಷ್ಟಸಂಯೋಗ. ಮೊಣಕಾಲಿನ ನೋವನ್ನೇ ಮತ್ತೆ ಮತ್ತೆ ನೆನೆಯುವುದು ವೇದನೆ. ಮುಂದಿನ ಭೋಗಕ್ಕಾಗಿ ಹಂಬಲಿಸುವುದು ನಿದಾನ. ದಾಯಾದಿಯ ಮೇಲೆ ಹೂಡಿದ ದಾವೆಯ ಲೆಕ್ಕ ಹಾಕುತ್ತ ಮಲಗಿದವನಾದರೆ ರೌದ್ರಧ್ಯಾನಕ್ಕೂ ಇಳಿದಿರುತ್ತಾನೆ. ಹೀಗೆ ಕಳೆದ ಆರು ತಾಸುಗಳನ್ನು ಜಾಗರಣೆಯೆಂದು ಲೆಕ್ಕಕ್ಕೆ ಬರೆದುಕೊಳ್ಳಲಾಗದು.

ರಾತ್ರಿಭೋಜನದ ಪ್ರಶ್ನೆಗೆ 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಸ್ಪಷ್ಟವಾದ ದಾರಿಯಿದೆ. ಪಾಕ್ಷಿಕ ಶ್ರಾವಕನು ಊಟವನ್ನು ಹಗಲಿನಲ್ಲಿಯೇ ಮುಗಿಸಬೇಕು; ನೀರು, ಔಷಧ, ತಾಂಬೂಲ, ಏಲಕ್ಕಿ ಮೊದಲಾದುವನ್ನು ರಾತ್ರಿಯೂ ಬಳಸಬಹುದು ಎಂದು ಅವರು ಹೇಳುತ್ತಾರೆ. ಆದುದರಿಂದ ಪ್ರಾರಂಭದ ಮೆಟ್ಟಿಲಿನಲ್ಲಿರುವ ಗೃಹಸ್ಥನು ವೈದ್ಯರು ಹೇಳಿದ ಗುಳಿಗೆಯನ್ನು ರಾತ್ರಿ ತೆಗೆದುಕೊಂಡರೆ ಅವನ ನಿಯಮ ಮುರಿಯಿತೆಂದು ಯಾರೂ ಬೆದರಿಸಬೇಕಾಗಿಲ್ಲ. ಆರನೆಯ ಪ್ರತಿಮೆಯನ್ನೇರಿ ಚತುರ್ವಿಧಾಹಾರವನ್ನು ರಾತ್ರಿ ಪೂರ್ಣವಾಗಿ ಬಿಟ್ಟವನ ಸ್ಥಿತಿ ಬೇರೆ. ಅಂತಹವನು ಪ್ರತಿಮೆಯನ್ನು ಧರಿಸುವ ಮೊದಲೇ ಗುರುಗಳೆದುರು ತನ್ನ ಔಷಧದ ಸಂಗತಿಯನ್ನು ಬಿಚ್ಚಿ ಹೇಳಬೇಕಾಗಿತ್ತು. ಹೇಳದೆ ಧರಿಸಿದ್ದರೆ ಈಗಲಾದರೂ ಹೇಳಬೇಕು.

ಮದ್ಯಕ್ಕೆ ಸಮಾನವೆಂಬ ಆಕ್ಷೇಪವನ್ನು ಅರ್ಧ ಒಪ್ಪಬೇಕು. 20ನೆಯ ಶತಮಾನದ ಆರಂಭದಲ್ಲಿ ಬಾರ್ಬಿಟುರೇಟುಗಳೂ, 1960ರಿಂದೀಚೆಗೆ ಡಯಾಜೆಪಾಮ್, ನೈಟ್ರಜೆಪಾಮ್, ಆಲ್‌ಪ್ರಜೋಲಾಮ್ ಮೊದಲಾದ ಗುಳಿಗೆಗಳೂ, ಆ ಬಳಿಕ ಜೋಲ್ಪಿಡೆಮ್ ಕೂಡ ಬಳಕೆಗೆ ಬಂದವು. ದುಃಖದ ಮೊದಲ ವಾರಗಳಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ, ಇವು ಉಪಕಾರಿಗಳು. ತಿಂಗಳು ವರ್ಷಗಳಾದಂತೆ ದೇಹ ಅವಕ್ಕೆ ಒಗ್ಗಿಹೋಗಿ, ಮೊದಲಿನ ಪ್ರಮಾಣ ಸಾಲದಾಗುತ್ತದೆ, ಬಿಟ್ಟರೆ ತಳಮಳವಾಗುತ್ತದೆ. ವೃದ್ಧರು ರಾತ್ರಿ ಮೂತ್ರಕ್ಕೆಂದು ಎದ್ದಾಗ ಜೋಲಿ ಹೊಡೆದು ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದುಂಟು. ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತುಹೋಗುವ ರೋಗವಿದ್ದವರಿಗೆ ಇವು ಅಪಾಯಕರವಾಗಬಹುದು. ಜೋಲ್ಪಿಡೆಮ್ ಸೇವಿಸಿದ ಕೆಲವರು ನಿದ್ರೆಯಲ್ಲಿಯೇ ಎದ್ದು ನಡೆದು, ಕೆಲಸ ಮಾಡಿ, ಬೆಳಗ್ಗೆ ಒಂದನ್ನೂ ನೆನಪಿಟ್ಟಿರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಈ ಬಗ್ಗೆ ತೀವ್ರ ಎಚ್ಚರಿಕೆಯನ್ನೇ ಮುದ್ರಿಸುವಂತೆ ಮಾಡಿತು. ನಿದ್ರೆಯಲ್ಲಿಯೇ ಎದ್ದು ಉಗ್ರ ಕಾರ್ಯವನ್ನು ಮಾಡಿಸುವ ಸ್ತ್ಯಾನಗೃದ್ಧಿಯ ಲಕ್ಷಣವನ್ನು ಓದಿದವರಿಗೆ ಇದು ಆ ಪ್ರಕೃತಿಯನ್ನು ನೆನಪಿಗೆ ತರುವುದು ಸಹಜ. ಇಷ್ಟಾದರೂ ಮದ್ಯಪಾನಿಯ ಭಾವವೂ ರೋಗಿಯ ಭಾವವೂ ಒಂದಲ್ಲ. ಸುಖಕ್ಕಾಗಿ ಮೈಮರೆಯುವುದು ಬೇರೆ, ನಾಳೆಯ ಷಟ್ಕರ್ಮಕ್ಕೆ ಶಕ್ತಿ ಬರಲೆಂದು ಮಲಗುವುದು ಬೇರೆ.

ನಿಜವಾದ ಮದ್ಯ ಮತ್ತು ಮಾಂಸದ ದೋಷ ಮತ್ತೊಂದೆಡೆ ಅಡಗಿದೆ. ಅದನ್ನು ವಿಚಾರಿಸುವವರು ಕಡಮೆ. ಬಹುಪಾಲು ಕ್ಯಾಪ್ಸೂಲುಗಳ ಹೊರಕವಚವಾದ ಜಿಲೆಟಿನ್ ಪ್ರಾಣಿಗಳ ಚರ್ಮ-ಎಲುಬುಗಳಿಂದ ತಯಾರಾದುದು. ಕೆಲವು ದ್ರವೌಷಧಗಳಲ್ಲಿ ಮದ್ಯಸಾರವಿರುತ್ತದೆ. ಇನ್ನು ಇಂಗ್ಲಿಷ್ ಔಷಧ ಬೇಡ, ಆಯುರ್ವೇದವೇ ಶುದ್ಧವೆಂದು ಅಶ್ವಗಂಧಾರಿಷ್ಟವನ್ನು ಕುಡಿಯುವವರು, ಅದರ ಶಾಸ್ತ್ರೀಯ ಪಾಠದಲ್ಲಿ ಜೇನು ಸೇರುವುದನ್ನೂ, ಹುದುಗುವಿಕೆಯಿಂದ ಅದರಲ್ಲಿ ಮದ್ಯಾಂಶ ತಾನೇ ಹುಟ್ಟುವುದನ್ನೂ ತಿಳಿದಿರಬೇಕು. ಮದ್ಯ-ಮಾಂಸ-ಮಧುಗಳ ತ್ಯಾಗ ಮೂಲಗುಣ. ಜೈನ ವೈದ್ಯಪರಂಪರೆ ಇದನ್ನು ಮರೆಯಲಿಲ್ಲ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಇವನ್ನು ವರ್ಜಿಸಿಯೇ ಚಿಕಿತ್ಸೆಯನ್ನು ಹೇಳಿದ ಗ್ರಂಥ. ಕವಚವಿಲ್ಲದ ಗುಳಿಗೆ ಸಿಗುವುದೆ, ಸಸ್ಯಮೂಲದ ಕವಚವಿರುವುದು ಸಿಗುವುದೆ ಎಂದು ಔಷಧದಂಗಡಿಯವನನ್ನು ಕೇಳುವುದರಲ್ಲಿ ಸಂಕೋಚವೇಕೆ?

ಈ ವಿಚಾರಗಳೆಲ್ಲ ಒಂದು ಮನೆಯಲ್ಲಿ ಹೇಗೆ ಒಟ್ಟುಗೂಡುತ್ತವೆಂಬುದನ್ನು ದೃಷ್ಟಾಂತದಿಂದ ನೋಡಬಹುದು. ಬೆಳಗಾವಿ ಸೀಮೆಯ ಒಬ್ಬ ವೃದ್ಧ ಶ್ರಾವಿಕೆಯನ್ನು ಭಾವಿಸಿರಿ. ಯಜಮಾನರು ತೀರಿಕೊಂಡ ವರ್ಷ ವೈದ್ಯರು ಕೊಟ್ಟ ಆಲ್‌ಪ್ರಜೋಲಾಮ್ ಗುಳಿಗೆ ಹನ್ನೊಂದು ವರ್ಷವಾದರೂ ಬಿಟ್ಟಿಲ್ಲ. ದಶಲಕ್ಷಣ ಪರ್ವ ಬಂದಾಗ ಆಕೆ ಯಾರಿಗೂ ತಿಳಿಸದೆ, ಜಿನಬಿಂಬದೆದುರು ಹತ್ತು ದಿನ ಏಕಾಶನವನ್ನೂ ಗುಳಿಗೆಯ ತ್ಯಾಗವನ್ನೂ ಒಟ್ಟಿಗೆ ಸಂಕಲ್ಪಿಸಿದಳು. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಕೈಗಳು ನಡುಗಿ ಅಭಿಷೇಕದ ಕಲಶ ತುಳುಕಿತು. ಮೈಯೆಲ್ಲ ಬೆವರು, ಎದೆಯಲ್ಲಿ ಡವಡವ. ಉಪವಾಸದ ನಿಶ್ಶಕ್ತಿಯೆಂದು ಮನೆಯವರು ಭಾವಿಸಿ ಪಾರಣೆ ಮಾಡಿಸಹೊರಟರು. ಐದನೆಯ ರಾತ್ರಿ ಭಯ ತಡೆಯಲಾರದೆ ಆಕೆ ಗುಳಿಗೆ ನುಂಗಿದಳು. ನಡುಕ ನಿಂತಿತು. ನಿದ್ರೆ ಮಾತ್ರ ಅಂದಿನಿಂದ ಇನ್ನೂ ದೂರವಾಯಿತು. ವ್ರತ ಮುರಿದೆನೆಂಬ ಕೊರಗು ವರ್ಷವೆಲ್ಲ ಆಕೆಯ ಪಕ್ಕದಲ್ಲಿ ಮಲಗಿತು.

ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಉಮಾಸ್ವಾಮಿಗಳು ಹೇಳಿರುವರು. ಶಲ್ಯವೆಂದರೆ ಮುಳ್ಳು. ಅಂಗಾಲಿನಲ್ಲಿ ಮುಳ್ಳು ಮುರಿದವನು ಹೇಗೆ ಮಲಗಿಯಾನು? ಆಕೆಯ ತಪ್ಪು ಗುಳಿಗೆ ನುಂಗಿದ್ದರಲ್ಲಿ ಇರಲಿಲ್ಲ. ಸಂಕಲ್ಪವನ್ನೂ ಅದರ ಭಂಗವನ್ನೂ ಮುಚ್ಚಿಟ್ಟದ್ದು ಮುಳ್ಳಾಯಿತು. ಮರುವರ್ಷ ಚಾತುರ್ಮಾಸಕ್ಕೆ ಆರ್ಯಿಕಾ ಸಂಘ ಬಂದಾಗ ಸೊಸೆಯೇ ಕೈಹಿಡಿದು ಕರೆದೊಯ್ದಳು.

“ವಂದಾಮಿ ಮಾತಾಜಿ. ನಮ್ಮ ಅತ್ತೆಯವರು ಒಂದು ಆಲೋಚನೆ ಹೇಳಿಕೊಳ್ಳಬೇಕೆಂದಿದ್ದಾರೆ” ಎಂದಳು.

ಎಲ್ಲವನ್ನೂ ಕೇಳಿದ ಮಾತಾಜಿ ಪ್ರಾಯಶ್ಚಿತ್ತವಾಗಿ ಒಂದು ಜಪವನ್ನು ವಿಧಿಸಿದರು. ಬಳಿಕ, “ತಾಯೀ, ಗುಳಿಗೆಯ ತ್ಯಾಗವನ್ನು ನಾನು ಕೊಡಲಾರೆ. ಅದನ್ನು ಬರೆದ ವೈದ್ಯರನ್ನು ಕೇಳಿ, ಎಷ್ಟು ದಿನಕ್ಕೆ ಎಷ್ಟು ಇಳಿಸಬೇಕೆಂದು ತಿಳಿದು ಬಾ. ಇಳಿಸುತ್ತ ಹೋಗುವ ನಿಯಮವನ್ನು ಬೇಕಾದರೆ ಕೊಡುತ್ತೇನೆ. ಈ ಹತ್ತು ದಿನಕ್ಕೆ ಬೇರೆ ನಿಯಮ ತೆಗೆದುಕೋ: ಹಗಲು ಮಲಗಬೇಡ, ರಾತ್ರಿ ಗಡಿಯಾರ ನೋಡಬೇಡ” ಎಂದರು.

“ಇಷ್ಟೇಯೇ ಮಾತಾಜಿ?” ಎಂದು ಮುದುಕಿ ಸಂದೇಹಪಟ್ಟಳು.

“ಮಾಡಿ ನೋಡು ತಾಯೀ” ಎಂದರು ಮಾತಾಜಿ.

ಇಲ್ಲಿ ಮಾತಾಜಿಯವರು ಹೊಸದನ್ನೇನೂ ಹೇಳಲಿಲ್ಲ. ದೀರ್ಘಕಾಲ ಸೇವಿಸಿದ ಇಂತಹ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ಮೊದಲಿಗಿಂತ ಹೆಚ್ಚಿನ ನಿದ್ರಾನಾಶ, ಕೆಲವರಲ್ಲಿ ಮೂರ್ಛೆಯ ಸೆಳವು ಕೂಡ ಬರುವುದೆಂದು ವೈದ್ಯಶಾಸ್ತ್ರ ತಿಳಿಸುತ್ತದೆ. ವಾರಗಳಲ್ಲಿ, ಒಮ್ಮೊಮ್ಮೆ ತಿಂಗಳುಗಳಲ್ಲಿ, ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ತ್ಯಾಗದಲ್ಲಿ ಕ್ರಮವಿರಬೇಕೆಂಬುದನ್ನು ಆಗಮವೂ ಬಲ್ಲದು. ಕ್ರಮಕ್ಕಾಗಿ ಮಾತ್ರ ಒಂದು ಉದಾಹರಣೆ: ಜೀವನದ ಅಂತ್ಯದ ಸಲ್ಲೇಖನೆಯಲ್ಲಿಯೂ ಆಹಾರವನ್ನು ಒಮ್ಮೆಲೇ ಬಿಡಿಸುವುದಿಲ್ಲ. ಅನ್ನವನ್ನು ಬಿಡಿಸಿ ಹಾಲು, ಹಾಲನ್ನು ಬಿಡಿಸಿ ಗಂಜಿ-ಮಜ್ಜಿಗೆ, ಅದನ್ನೂ ಬಿಡಿಸಿ ಬಿಸಿನೀರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಮಂತಭದ್ರರು ಇಳಿಸುತ್ತಾರೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣ ಸೇರಿಸಿರುವುದು ಅಲಂಕಾರಕ್ಕಲ್ಲ. ಭಾದ್ರಪದದಲ್ಲಿ ಆ ಪೂಜೆಯ ಅರ್ಘ್ಯಗಳನ್ನು ಎತ್ತುವವರು ಆ ಶಬ್ದದ ಮೇಲೆ ಒಂದು ಕ್ಷಣ ನಿಂತರೆ ಸಾಕು.

ಹಗಲು ಮಲಗಬಾರದು, ಗಡಿಯಾರ ನೋಡಬಾರದು ಎಂಬ ನಿಯಮಗಳು ಕ್ಷುಲ್ಲಕವೆಂದು ತೋರಬಹುದು. ಆದರೆ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ನಡೆನುಡಿ, ಚಿಂತನೆಗಳನ್ನು ತಿದ್ದುವ ಚಿಕಿತ್ಸೆಯನ್ನೇ ಮಾಡಬೇಕೆಂದು ಅಮೆರಿಕದ ವೈದ್ಯರ ಮಹಾಸಂಘವೊಂದು 2016ರಲ್ಲಿ ಶಿಫಾರಸು ಮಾಡಿತು. ಆ ಚಿಕಿತ್ಸೆಯ ಸಾರವೇನೆಂದರೆ: ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ಗೊತ್ತಾದ ವೇಳೆಗೆ ಏಳಬೇಕು, ನಿದ್ರೆ ಬಾರದೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆಡೆ ಕುಳಿತು, ಕಣ್ಣು ಎಳೆದಾಗ ಮರಳಿ ಬರಬೇಕು, ಹಾಸಿಗೆಯಲ್ಲಿ ಕಳೆಯುವ ಒಟ್ಟು ಕಾಲವನ್ನು ಮಿತಗೊಳಿಸಬೇಕು. ಬ್ರಾಹ್ಮೀಮುಹೂರ್ತದಲ್ಲಿ ಎದ್ದು ಸಾಮಾಯಿಕಕ್ಕೆ ಕುಳಿತುಕೊಳ್ಳುವ ಮನೆತನಗಳಿಗೆ ಇದರಲ್ಲಿ ಅಪರಿಚಿತವಾದದ್ದು ಏನಿದೆ? ವ್ರತಗಳ ಪಟ್ಟಿಯಲ್ಲಿರುವ ಭೋಗೋಪಭೋಗ ಪರಿಮಾಣವನ್ನು ಇಲ್ಲಿ ಬಳಸಿಕೊಳ್ಳಬೇಕು. ಇಂತಿಷ್ಟು ಕಾಲಕ್ಕೆಂದು ಮಾಡುವ ತ್ಯಾಗ ನಿಯಮ, ಬಾಳಿನುದ್ದಕ್ಕೂ ಮಾಡುವುದು ಯಮ. ಮಧ್ಯಾಹ್ನದ ಬಳಿಕ ಚಹಾ-ಕಾಫಿಗಳನ್ನು ಒಂದು ತಿಂಗಳ ಮಟ್ಟಿಗೆ ನಿಯಮವಾಗಿ ಬಿಡಬಹುದು. ಅವುಗಳಲ್ಲಿರುವ ಕೆಫೀನು ಐದಾರು ತಾಸಿನ ಬಳಿಕವೂ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ. ಹಾಸಿಗೆಯಲ್ಲಿ ಮೊಬೈಲು ಹಿಡಿದು ಊರಿನ ಜಗಳ, ದೇಶದ ಜಗಳಗಳನ್ನು ನೋಡುತ್ತ ಮಲಗುವುದು ಅನರ್ಥದಂಡದ ದುಃಶ್ರುತಿಯಲ್ಲದೆ ಮತ್ತೇನು? ಅದನ್ನು ಯಮವಾಗಿಯೇ ಬಿಟ್ಟರೂ ನಷ್ಟವಿಲ್ಲ.

ಎದ್ದು ಕುಳಿತಾಗ ಏನು ಮಾಡಬೇಕು? ಒಂಬತ್ತು ಬಾರಿ ಣಮೋಕಾರವನ್ನು 27 ಉಚ್ಛ್ವಾಸಗಳಲ್ಲಿ ಸ್ಮರಿಸುವ ಕಾಯೋತ್ಸರ್ಗ ಎಲ್ಲರಿಗೂ ತಿಳಿದಿದೆ. ಉಸಿರು ನಿಧಾನವಾಗುತ್ತದೆ, ದೇಹದ ಮಮತೆ ಸಡಿಲಾಗುತ್ತದೆ. ಆದರೆ ಮಂತ್ರವನ್ನು ನಿದ್ರೆಯ ಗುಳಿಗೆಯಾಗಿ ಬಳಸತೊಡಗಿದವನು ಪ್ರತಿ ಸುತ್ತಿಗೂ “ಇನ್ನೂ ನಿದ್ರೆ ಬರಲಿಲ್ಲವಲ್ಲ” ಎಂದು ಪರೀಕ್ಷಿಸುತ್ತಾನೆ. ಅದು ನಿದಾನವೆಂಬ ಶಲ್ಯವೇ ಆಯಿತು. ಜಪ ಜಪಕ್ಕಾಗಿ ನಡೆಯಲಿ. ಸ್ವಾಧ್ಯಾಯ ಮಾಡುವುದಾದರೆ ಮಂದವಾದ ದೀಪ ಸಾಕು. ಮಳೆಗಾಲದಲ್ಲಿ ಪ್ರಖರ ಬೆಳಕಿಗೆ ಮುತ್ತುವ ಹುಳುಗಳ ಹಿಂಸೆಯೂ ತಪ್ಪುವುದು, ಕಣ್ಣೂ ಎಚ್ಚರಗೊಳ್ಳದು. ಮಲಗುವ ಮೊದಲು ಪ್ರತಿಕ್ರಮಣದಲ್ಲಿ ಸರ್ವಜೀವಿಗಳನ್ನು ಕ್ಷಮೆ ಕೇಳುವಾಗ, ಆ ಸರ್ವರಲ್ಲಿ ದಾಯಾದಿಯೂ ಸೇರಿದ್ದಾನೆಯೇ ಎಂಬುದನ್ನು ನೋಡಿಕೊಳ್ಳುವುದು ಒಳಿತು. ಇಷ್ಟಾದರೂ ವಾರಗಟ್ಟಲೆ ನಿದ್ರೆ ಬಾರದೆ, ಊಟದಲ್ಲಿ ರುಚಿಯಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಮನೋರೋಗದ ಚಿಹ್ನೆ. ಅಂತಹವರನ್ನು ಒಂಟಿಯಾಗಿ ಬಿಡದೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು; ಅಲ್ಲಿ ಗುಳಿಗೆ ಬೇಕೆಂದರೆ ಸೇವಿಸಲೇಬೇಕು.

ಉಪವಾಸದ ದಿನದ ಮಾತು ಉಳಿದಿದೆ. ಉಪವಾಸವೆಂದು ಹಗಲೆಲ್ಲ ಚಾಪೆಯ ಮೇಲೆ ಮಲಗಿ ಕಳೆದವನು ರಾತ್ರಿ ನಿದ್ರೆ ಬಾರದೆಂದು ಹೊರಳುವುದು ಸಹಜವೇ. ತೂಕಡಿಕೆಗೆ ಎಡೆಗೊಡಬಾರದೆಂಬ ಆಚಾರ್ಯರ ಮಾತನ್ನು ಹಗಲು ಪಾಲಿಸಿದವನಿಗೆ ರಾತ್ರಿಯ ಹಾದಿ ಸುಗಮ. ನಿತ್ಯವೂ ಗುಳಿಗೆ ಬೇಕಾದವರು ನೀರನ್ನೂ ಬಿಡುವ ಉಪವಾಸವನ್ನು ವೈದ್ಯರನ್ನು ಕೇಳದೆ ಸಂಕಲ್ಪಿಸಬಾರದು. ಬಾಹ್ಯತಪಸ್ಸುಗಳು ಆರು; ಅನಶನ ಅವುಗಳಲ್ಲಿ ಒಂದು ಮಾತ್ರ. ಅವಮೌದರ್ಯದಿಂದ ಒಂದು ತುತ್ತು ಕಡಮೆ ಉಣ್ಣಬಹುದು, ರಸಪರಿತ್ಯಾಗದಿಂದ ತುಪ್ಪವನ್ನೋ ಉಪ್ಪನ್ನೋ ಬಿಡಬಹುದು. ಪ್ರತ್ಯಾಖ್ಯಾನವನ್ನು ತೆಗೆದುಕೊಳ್ಳುವಾಗಲೇ “ಔಷಧವನ್ನೂ ಅದಕ್ಕೆ ಬೇಕಾದ ನೀರನ್ನೂ ಹೊರತುಪಡಿಸಿ” ಎಂದು ಬಾಯಿಬಿಟ್ಟು ಹೇಳಬೇಕು. ಮೊದಲೇ ಹೇಳಿದ ಹೊರತು ವ್ರತದ ಮೇರೆಯೊಳಗೇ ಇರುತ್ತದೆ. ಹೇಳದೆ ನುಂಗಿದ್ದು ಮುಳ್ಳಾಗುತ್ತದೆ.

ಮತ್ತೊಂದು ರೂಢಿಯನ್ನು ಹೇಳದೆ ವಿಧಿಯಿಲ್ಲ. ಒಂದು ಮನೆಯಲ್ಲಿ ಮಿಕ್ಕ ನಿದ್ರೆಗುಳಿಗೆಯನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು ಔಷಧದಾನವಾಯಿತೆಂದು ಸಂತೋಷಪಡುವವರಿದ್ದಾರೆ. ಆಲ್‌ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್‌ಗಳನ್ನು 2014ರಿಂದ ಔಷಧದಂಗಡಿಯವನೂ ವೈದ್ಯರ ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಕಾನೂನು ಜಾರಿಯಲ್ಲಿದೆ. ಅಂಗಡಿಯವನಿಗೇ ಇಷ್ಟು ಕಟ್ಟುಪಾಡಿರುವಾಗ ನೆರೆಮನೆಯವರಿಗೆ ಆ ಅಧಿಕಾರ ಎಲ್ಲಿಂದ ಬಂತು? ಅಜ್ಜಿಯನ್ನು ವೈದ್ಯರ ಬಳಿಗೆ ಕರೆದೊಯ್ಯಲು ಅರ್ಧ ದಿನ ಬಿಡುವು ಮಾಡಿಕೊಳ್ಳುವುದು, ರಾತ್ರಿ ಎಚ್ಚರವಿರುವ ಆಕೆಯ ಪಕ್ಕದಲ್ಲಿ ಮೊಮ್ಮಗಳೊಬ್ಬಳು ಮಲಗುವುದು, ಸಂಜೆ ಸೂರ್ಯಾಸ್ತದೊಳಗೆ ಊಟ ಮುಗಿದ ಮೇಲೆ ಬಸದಿಯವರೆಗೆ ಜೊತೆಗೆ ನಡೆಸಿಕೊಂಡು ಹೋಗಿ ಬರುವುದು, ಇವು ಆ ದಾನದ ಲೆಕ್ಕಕ್ಕೆ ಸೇರುತ್ತವೆ.